ಮೂರನೇ ರೈಡ್ ಯಾರ ಪಾಲಿಗೆ?

ಕೊಪ್ಪಳ ಜಿಲ್ಲೆಯ ಒಂದು ಪದವಿ ಕಾಲೇಜು. ಊರಿನ ಹೆಸರು ಬೇಡ. ನಾಲ್ಕೈದು ಕಾಲೇಜುಗಳಲ್ಲಿ ಬಿಡಿಬಿಡಿಯಾಗಿ ನಡೆಯುವುದನ್ನು ಒಂದೇ ಕಾಲೇಜಿನ ತಲೆಗೆ ಕಟ್ಟಿ ಹೇಳುತ್ತಿದ್ದೇನೆ. ಹಾಗಾಗಿ ಇದು ಗಂಗಾವತಿಯದೋ ಕುಷ್ಟಗಿಯದೋ ಎಂದು ಹುಡುಕುತ್ತ ಕೂರುವುದು ದಂಡ. ಕಾಲೇಜಿಗೆ ಕಬಡ್ಡಿ ತಂಡವಿದೆ. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಮೂರು ವರ್ಷದಿಂದ ಸೆಮಿಫೈನಲ್ ದಾಟಿಲ್ಲ. ಹಿಡಿತದಲ್ಲಿ ಕೊರತೆಯಿಲ್ಲ. ಬಲ ಕಾರ್ನರ್‌ನಲ್ಲಿ ನಿಲ್ಲುವವನು ಕಾರಟಗಿ ಕಡೆಯ ಹುಡುಗ, ಭತ್ತದ ಚೀಲ ಹೊತ್ತು ಗಟ್ಟಿಯಾದ ಹೆಗಲು. ಅವನ ಕೈಗೆ ಕಾಲು ಸಿಕ್ಕರೆ ಬಿಡಿಸಿಕೊಂಡು ಹೋದವರು ಕಡಿಮೆ. ಇಲ್ಲದ್ದು ರೈಡರ್.

ಒಂದು ವರ್ಷ ಆಡಳಿತ ಮಂಡಳಿಯ ಹಿರಿಯರೊಬ್ಬರು ದೈಹಿಕ ಶಿಕ್ಷಣ ನಿರ್ದೇಶಕರನ್ನು ಕರೆದು, “ಎಲ್ಲಿಂದಾದ್ರೂ ಒಬ್ಬನ್ನ ತರ್ರಿ ಸರ, ಫೀ ನಾವು ನೋಡ್ಕೊಂತೀವಿ” ಎಂದರು. ಪಿ.ಡಿ. ಸರ್ ತಂದರು. ಬೇರೆ ಜಿಲ್ಲೆಯ ಹುಡುಗ. ಪಿಯುಸಿ ಮುಗಿಸಿ ಮೂರು ವರ್ಷ ಮನೆಯಲ್ಲಿದ್ದ, ಜಾತ್ರೆಗಳ ಹೊನಲು ಬೆಳಕಿನ ಪಂದ್ಯಗಳಲ್ಲಿ ಆಗಲೇ ಹೆಸರು ಮಾಡಿದ್ದ. ಬಿ.ಎ. ಮೊದಲ ವರ್ಷಕ್ಕೆ ಪ್ರವೇಶವಾಯಿತು. ನಿಯಮ ಮುರಿದಿರಲಿಲ್ಲ. ಅಂತರ ವಿಶ್ವವಿದ್ಯಾಲಯ ಕ್ರೀಡೆಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಕೇಳುವುದು ಪೂರ್ಣಾವಧಿ ವಿದ್ಯಾರ್ಥಿಯನ್ನು, 25 ದಾಟದ ವಯಸ್ಸನ್ನು. ಎರಡೂ ಕಾಗದದ ಮೇಲೆ ಇದ್ದವು.

ಅದೇ ತಂಡದಲ್ಲಿ ಇನ್ನೊಬ್ಬನಿದ್ದ. ಯಲಬುರ್ಗಾ ಕಡೆಯ ಹಳ್ಳಿಯವನು. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸಕ್ಕೆ ನಿಲ್ಲುತ್ತಾರೆ, ಇವನು ಹಾಸ್ಟೆಲ್‌ನಲ್ಲಿ ಉಳಿಯುತ್ತಾನೆ. ಇವನೂ ರೈಡರ್, ಆದರೆ ಎರಡನೆಯವನು. ಮೂರು ವರ್ಷ ಬೆಳಗಿನ ಪ್ರಾಕ್ಟೀಸು ತಪ್ಪಿಸಿದವನಲ್ಲ. ಅಂಕಣದ ಗೆರೆಗೆ ಸುಣ್ಣ ಹಾಕುವವನು ಇವನೇ, ಪಂದ್ಯದ ದಿನ ನೀರಿನ ಬಾಟಲಿ ಹಿಡಿದು ಓಡುವವನೂ ಇವನೇ.

ಕ್ವಾರ್ಟರ್‌ಫೈನಲ್‌ನಲ್ಲಿ ಹೊಸ ಹುಡುಗ ಕುಣಿದಾಡಿಬಿಟ್ಟ. ಆರು ಮಂದಿ ನಿಂತಾಗ ಬೋನಸ್ ಗೆರೆಗೆ ಕಾಲು ಚಾಚಿ ಒಂದು, ತಿರುಗುವಾಗ ಕೈ ಬೀಸಿ ಇನ್ನೊಂದು. ಒಂದೇ ರೈಡ್‌ನಲ್ಲಿ ಮೂವರನ್ನು ಔಟ್ ಮಾಡಿ ಬಂದಾಗ ಮಂಡಳಿಯ ಹಿರಿಯರು ಕುರ್ಚಿ ಬಿಟ್ಟು ಎದ್ದು ನಿಂತರು. ಮರುದಿನದ ಪತ್ರಿಕೆಯಲ್ಲಿ ಫೋಟೋ ಬಂತು. ಹುಡುಗನ ಪಕ್ಕದಲ್ಲಿ ಅವರೇ ನಿಂತಿದ್ದರು.

ಸೆಮಿಫೈನಲ್ ಬೇರೆಯೇ ಆಯಿತು. ಎದುರಿನ ತಂಡ ಅವನ ಹಿಂದಿನ ಪಂದ್ಯವನ್ನು ಮೊಬೈಲಿನಲ್ಲಿ ಹಿಡಿದಿಟ್ಟು ರಾತ್ರಿ ಕೂತು ನೋಡಿತ್ತು. ಬೋನಸ್‌ಗೆ ಹೋಗುವಾಗ ಇವನು ಯಾವಾಗಲೂ ಬಲಗಾಲನ್ನೇ ಮುಂದೆ ಹಾಕುತ್ತಾನೆಂಬುದು ಅವರಿಗೆ ಗೊತ್ತಾಗಿತ್ತು. ಮೊದಲ ಎರಡು ರೈಡ್ ಖಾಲಿ. ಮೂರನೆಯದು ‘ಡು ಆರ್ ಡೈ’: ಅಂಕ ತರಬೇಕು, ಇಲ್ಲವೇ ಔಟು. ಇವನು ಒಳಗೆ ಹೋದ. ಎಡ ಕಾರ್ನರ್‌ನವನು ಹಿಂದೆ ಸರಿಯುವಂತೆ ನಟಿಸಿ ನೆಲಕ್ಕೆ ಬಾಗಿದ. ಬಲಗಾಲು ಮುಂದೆ ಬಂತು. ಎರಡು ಕೈ ಕಣಕಾಲಿನ ಸುತ್ತ ಮುಚ್ಚಿಕೊಂಡವು. ಇವನು ಮಧ್ಯಗೆರೆಯ ಕಡೆಗೆ ಉದ್ದಕ್ಕೆ ಬಿದ್ದು ಕೈ ಚಾಚಿದರೂ ಗೆರೆ ಒಂದು ಗೇಣು ಆಚೆ ಉಳಿಯಿತು. ಅಷ್ಟರಲ್ಲಿ ಕವರ್‌ನಲ್ಲಿದ್ದ ಇಬ್ಬರು ಬೆನ್ನ ಮೇಲೆ ಬಿದ್ದಿದ್ದರು.

ಹೊರಗೆ ಹೋಗಿ ಕೂತ. ಕೂತವನು ಎದ್ದು ಬರಲಿಕ್ಕೆ ಬಹಳ ಹೊತ್ತಾಯಿತು. ಕಬಡ್ಡಿಯಲ್ಲಿ ಔಟಾದವನು ತನ್ನಷ್ಟಕ್ಕೆ ಒಳಗೆ ಬರುವಂತಿಲ್ಲ. ತಂಡದವರು ಎದುರಾಳಿಯನ್ನು ಔಟ್ ಮಾಡಬೇಕು, ಆಗ ಸರದಿಯಂತೆ ಒಬ್ಬೊಬ್ಬರಿಗೆ ಜೀವ ಬರುತ್ತದೆ. ಆದರೆ ಉಳಿದವರಿಗೆ ರೈಡ್ ಮಾಡಿ ಗೊತ್ತಿರಲಿಲ್ಲ. ಎರಡನೆಯ ರೈಡರ್ ಒಮ್ಮೆ ಹೋದ, ಮುಟ್ಟದೆ ವಾಪಸಾದ, ಮತ್ತೆ ಹೋದ, ಸಿಕ್ಕಿಬಿದ್ದ. ಲೀಗ್ ಹಂತದ ಪಂದ್ಯಗಳಲ್ಲಿ ಅವನಿಗೆ ಕೊಟ್ಟದ್ದೆಲ್ಲ ಬಿಡಿ ರೈಡ್‌ಗಳು. ಮೂರನೆಯ ರೈಡ್‌ನ ಬಿಸಿ ಅವನು ಉಂಡವನೇ ಅಲ್ಲ. ಮೊದಲರ್ಧಕ್ಕೇ ತಂಡ ಆಲೌಟಾಯಿತು. ಪಂದ್ಯ ಹೋಯಿತು.

ಸಂಜೆ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಒಗ್ಗರಣಿ, ಮಿರ್ಚಿ ಮುಂದಿಟ್ಟುಕೊಂಡು ವಿಚಾರಣೆ ಶುರುವಾಯಿತು. “ಕ್ವಾರ್ಟರ್‌ನ್ಯಾಗ ಹುಲಿ, ಸೆಮಿನ್ಯಾಗ ಇಲಿ” ಎಂದ ಒಬ್ಬ ಹಳೆಯ ಆಟಗಾರ. “ರೊಕ್ಕಕ್ಕ ಬಂದ ಹುಡುಗ್ರು ಹಿಂಗ, ಊರಿನ ಅಭಿಮಾನ ಎಲ್ಲಿಂದ ಬರ್ಬೇಕು?” ಇದು ಅಕ್ಕಿ ಗಿರಣಿಯ ಗುಮಾಸ್ತರ ಮಾತು. ಇತಿಹಾಸದ ಮೇಷ್ಟ್ರು, “ಅವನ ಮುಖಾನ ನಾ ಕ್ಲಾಸಿನ್ಯಾಗ ನೋಡಿಲ್ರೀ” ಎಂದರು. ಪಿ.ಡಿ. ಸರ್ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ, “ಕಪ್ ಬಂದಿದ್ರ ಇದನ್ನೆಲ್ಲ ಕೇಳ್ತಿದ್ರೇನ್ರೀ?” ಎಂದರು. ಅಲ್ಲಿದ್ದವರಲ್ಲಿ ನೇರವಾಗಿ ಮಾತಾಡಿದವರು ಅವರೊಬ್ಬರೇ.

ಪ್ರಕರಣ ಇಷ್ಟು. ತಪ್ಪು ಯಾರದು?

ಹುಡುಗನಿಂದಲೇ ಶುರು ಮಾಡೋಣ. ಒಂದು ದಿನ ಬೆಂಕಿ, ಮರುದಿನ ಬೂದಿ ಎಂಬ ಆಪಾದನೆ ಸುಳ್ಳಲ್ಲ. ಆದರೆ ಸೆಮಿಫೈನಲ್‌ಗೆ ಮೂರು ದಿನ ಮೊದಲು, ಶನಿವಾರ ರಾತ್ರಿ, ಅವನು ಒಂದು ಹಳ್ಳಿಯ ಪಂದ್ಯಾವಳಿಯಲ್ಲಿ ಬೆಳಗಿನ ಜಾವ ಮೂರರವರೆಗೆ ಮಣ್ಣಿನ ಮೇಲೆ ಆಡಿದ್ದ. ಮೊಣಕಾಲು ಊದಿತ್ತು, ಯಾರಿಗೂ ಹೇಳದೆ ಪಟ್ಟಿ ಸುತ್ತಿಕೊಂಡು ಮ್ಯಾಟ್‌ಗೆ ಇಳಿದಿದ್ದ. ಹೇಳದೆ ಇದ್ದದ್ದು ಅವನ ತಪ್ಪು. ಆದರೆ ಹೋದದ್ದೇಕೆ? ಕಾಲೇಜು ಕಟ್ಟಿದ್ದು ಫೀಯನ್ನು ಮಾತ್ರ. ಕೋಣೆಯ ಬಾಡಿಗೆ, ಎರಡು ಹೊತ್ತಿನ ಊಟ, ಬೂಟು ಇವೆಲ್ಲ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ದಿನಾ ಎರಡು ಹೊತ್ತು ಮೈ ಹಿಂಡಿಸಿಕೊಳ್ಳುವ ಇಪ್ಪತ್ತೊಂದರ ಹುಡುಗ ಒಗ್ಗರಣಿ ತಿಂದು ಎಷ್ಟು ದಿನ ಓಡಿಯಾನು? ಹಳ್ಳಿಯ ಸಂಘಟಕರು ‘ಗೆಸ್ಟ್ ಪ್ಲೇಯರ್’ ಅಂತ ಕರೆದು ಕೈಗೆ ನಗದು ಕೊಡುತ್ತಿದ್ದರು, ಅದರಿಂದ ತಿಂಗಳು ದಾಟುತ್ತಿತ್ತು. ಕಾಲೇಜು ಅವನ ಆಟವನ್ನು ಕೊಂಡಿತ್ತು, ಹೊಟ್ಟೆಯನ್ನು ಅವನಿಗೇ ಬಿಟ್ಟಿತ್ತು. ಸ್ಥಿರತೆ ಬೇಕೆನ್ನುವವರು ನಿದ್ದೆಗೂ ಅನ್ನಕ್ಕೂ ಮೊದಲು ದಾರಿ ಮಾಡಬೇಕಿತ್ತು.

ಇನ್ನು ಇತಿಹಾಸದ ಮೇಷ್ಟ್ರು. ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ಆ ಹುಡುಗನಿಗೆ ಅದು ಸಿಕ್ಕಿತು. ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದ ಕೈ ಮೇಷ್ಟ್ರದೇ. ಮುಖ ನೋಡದವನಿಗೆ ಹಾಜರಿ ಕೊಟ್ಟು, ಸೋತ ಮೇಲೆ ಮುಖ ನೋಡಿಲ್ಲ ಎನ್ನುವುದು ನ್ಯಾಯದ ಮಾತಲ್ಲ. ಪಾಠ ಕದ್ದವನು ಹುಡುಗ ಮಾತ್ರವಲ್ಲ. ಅವನಿಂದ ಪಾಠವನ್ನು ಕದ್ದವರೂ ಇದ್ದಾರೆ.

ಗುಮಾಸ್ತರ ಮಾತಿಗೆ, ಎಂದರೆ ‘ಹೊರಗಿನವ’ ಎಂಬ ಮಾತಿಗೆ, ನಮ್ಮ ಕಡೆ ಬೇಗ ಕಿವಿ ಸಿಗುತ್ತದೆ. ಅದಕ್ಕೆ ಕಾರಣವೂ ಇದೆ. ಹೈದರಾಬಾದ್ ಕರ್ನಾಟಕದವರಿಗೆ ನಮ್ಮದೇ ಕಾಲೇಜಿನ ಸೀಟು, ನಮ್ಮದೇ ಕಚೇರಿಯ ನೌಕರಿ ಸಿಗುತ್ತಿಲ್ಲ ಎಂದು ದಶಕಗಟ್ಟಲೆ ಹೋರಾಡಿ, 2012ರಲ್ಲಿ ಸಂವಿಧಾನಕ್ಕೆ 98ನೇ ತಿದ್ದುಪಡಿ ತರಿಸಿ 371(ಜೆ) ವಿಧಿ ಪಡೆದ ಜನ ನಾವು. ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70 ಸೀಟು ಸ್ಥಳೀಯರಿಗೆ ಮೀಸಲಾದದ್ದು ಅದರಿಂದಲೇ. ಅದೇ ಜನ ಕಬಡ್ಡಿ ಅಂಕಣಕ್ಕೆ ಬಂದಾಗ ಊರ ಹುಡುಗನ ಕೈಗೆ ನೀರಿನ ಬಾಟಲಿ ಕೊಟ್ಟು ರೈಡ್‌ಗೆ ಬೇರೆಯವನನ್ನು ಕಳಿಸುತ್ತೇವೆ. ಇದು ಚುಚ್ಚಬೇಕಾದ ಸಂಗತಿ. ಆದರೂ ನಾನು ಗುಮಾಸ್ತರ ಪಕ್ಷಕ್ಕೆ ಪೂರ್ತಿ ಸೇರಲಾರೆ. ಯಲಬುರ್ಗಾದ ಹುಡುಗನನ್ನೇ ಮುಂದೆ ಬಿಟ್ಟಿದ್ದರೆ ಕಪ್ ಬರುತ್ತಿತ್ತು ಎನ್ನಲು ಆಧಾರವಿಲ್ಲ. ಬಹುಶಃ ಕ್ವಾರ್ಟರ್‌ನಲ್ಲೇ ಮನೆಗೆ ಬರುತ್ತಿದ್ದರು. ಅವನಿಗೆ ಆದ ಅನ್ಯಾಯ ಜಾಗ ಸಿಗದ್ದಲ್ಲ, ಕಲಿಯುವ ಸರದಿ ಸಿಗದ್ದು. ಸಣ್ಣ ಪಂದ್ಯಗಳಲ್ಲಿ ಮೂರನೆಯ ರೈಡ್ ಅವನಿಗೆ ಕೊಟ್ಟು ಸೋಲಿಸಿಕೊಂಡಿದ್ದರೆ, ದೊಡ್ಡ ಪಂದ್ಯದಲ್ಲಿ ಔಟಾದವನನ್ನು ಎಬ್ಬಿಸಿ ತರಲು ಒಬ್ಬನಿರುತ್ತಿದ್ದ.

ಇದು ಬರೀ ಸಣ್ಣ ಊರಿನ ಬಡ ಕಾಲೇಜಿನ ತೊಡಕೆಂದು ತಿಳಿಯಬೇಡಿ. ಕೋಟಿಗಟ್ಟಲೆ ಸುರಿಯುವ ಪ್ರೊ ಕಬಡ್ಡಿಯಲ್ಲೂ ಇದೇ ಆಗಿದೆ, ಅದೂ ನಮ್ಮ ಬೆಂಗಳೂರು ಬುಲ್ಸ್ ತಂಡದಲ್ಲಿ. ಪರ್ದೀಪ್ ನರ್ವಾಲ್ ಲೀಗ್‌ಗೆ ಮೊದಲು ಬಂದದ್ದು 2015ರಲ್ಲಿ, ಬುಲ್ಸ್ ಅಂಗಿ ತೊಟ್ಟು. ಆಗ ಆತ ಹದಿಹರೆಯದ ಹುಡುಗ, ಹೆಚ್ಚು ಆಡಿಸಲಿಲ್ಲ. ಮುಂದಿನ ಆವೃತ್ತಿಗೆ ಪಟ್ನಾ ಪೈರೇಟ್ಸ್ ಸೇರಿದ ಆತ ಅವರಿಗೆ ಸಾಲಾಗಿ ಮೂರು ಕಪ್ ಗೆಲ್ಲಿಸಿಕೊಟ್ಟ, ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕದವನಾದ. 2024ರಲ್ಲಿ ಬುಲ್ಸ್‌ನವರು ಅದೇ ಪರ್ದೀಪ್‌ನನ್ನು 70 ಲಕ್ಷ ಕೊಟ್ಟು ವಾಪಸು ತಂದು ನಾಯಕನನ್ನಾಗಿ ಮಾಡಿದರು. ಹಳೆಯ ಜಿಗಿತ ಕಾಲಿನಲ್ಲಿ ಉಳಿದಿರಲಿಲ್ಲ. 22 ಪಂದ್ಯಗಳಲ್ಲಿ ಗೆಲುವು ಎರಡು. ತಂಡ ಪಟ್ಟಿಯ ಕೊನೆಯಲ್ಲಿ. 2025ರ ಹರಾಜಿನಲ್ಲಿ ಅವನಿಗೆ ಯಾರೂ ಕೈ ಎತ್ತಲಿಲ್ಲ. ಆತ ನಿವೃತ್ತಿ ಹೇಳಿದ. ಮನೆಯಲ್ಲಿದ್ದಾಗ ಬೆಳೆಸಲಿಲ್ಲ, ಬೆಳೆ ಕೊಯ್ದ ಮೇಲೆ ಹೊಲ ಕೊಂಡರು.

ಪವನ್ ಸೆಹ್ರಾವತ್‌ನ ಕಥೆ ಇದರ ಇನ್ನೊಂದು ಮಗ್ಗುಲು. 2019ರ ಜನವರಿ 5ರ ಫೈನಲ್‌ನಲ್ಲಿ ಬುಲ್ಸ್ ಗುಜರಾತನ್ನು 38–33ರಿಂದ ಸೋಲಿಸಿ ಕಪ್ ತಂದಾಗ, ಆ 38ರಲ್ಲಿ 22 ಪವನ್ ಒಬ್ಬನವೇ. ಆ ರಾತ್ರಿಯಿಂದ ಎಲ್ಲ ತಂಡಗಳಿಗೂ ಒಂದು ಹುಚ್ಚು ಹತ್ತಿತು: ಅಂಥವನೊಬ್ಬ ಸಿಕ್ಕರೆ ಸಾಕು. 2022ರಲ್ಲಿ ತಮಿಳ್ ತಲೈವಾಸ್ 2.26 ಕೋಟಿ ಕೊಟ್ಟು ಅವನನ್ನು ಕೊಂಡರು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಆತ ಆ ಆವೃತ್ತಿಯಿಂದಲೇ ಹೊರಗುಳಿದ. ಮರುವರ್ಷ ತೆಲುಗು ಟೈಟನ್ಸ್ ಅದಕ್ಕೂ ಮೇಲೆ, 2.60 ಕೋಟಿ ದಾಟಿ ಕೊಟ್ಟರು. ಆತ ಚೆನ್ನಾಗಿಯೇ ಆಡಿದ. ತಂಡಕ್ಕೆ 22ರಲ್ಲಿ ಎರಡೇ ಗೆಲುವು, ಕಟ್ಟಕಡೆಯ ಸ್ಥಾನ. ಒಬ್ಬ ಕುಸಿದಾಗಲೂ ಎರಡು ಗೆಲುವು, ಒಬ್ಬ ಮೆರೆದಾಗಲೂ ಎರಡು ಗೆಲುವು. ಹಾಗಾದರೆ ಸೋಲು ರೈಡರ್‌ನ ಕಾಲಿನಲ್ಲಿ ಇರಲಿಲ್ಲ ಎಂದೇ ಅರ್ಥ.

ಇದನ್ನು ಬೇರೆಯಾಗಿ ನೋಡಿದವರು ಒಬ್ಬ ಕನ್ನಡಿಗರೇ: ಅರ್ಜುನ ಪ್ರಶಸ್ತಿ ಪಡೆದ ಹಳೆಯ ಆಟಗಾರ, ತರಬೇತುದಾರ ಬಿ.ಸಿ. ರಮೇಶ್. 2019ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನ ಫೈನಲ್‌ಗೆ ಅವರ ಬೆಂಗಾಲ್ ವಾರಿಯರ್ಸ್ ಇಳಿದಾಗ ನಾಯಕನೂ ಮುಖ್ಯ ರೈಡರೂ ಆದ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದ. ಎದುರಿನ ದಬಂಗ್ ಡೆಲ್ಲಿಯ ನವೀನ್ ಕುಮಾರ್ ಒಬ್ಬನೇ 18 ಅಂಕ ಬಾಚಿದ. ಆದರೂ 39–34ರಿಂದ ಗೆದ್ದದ್ದು ವಾರಿಯರ್ಸ್. ಇರಾನಿನ ನಬಿಬಕ್ಷ್ ಒಂದಿಷ್ಟು, ನಮ್ಮ ಕರಾವಳಿಯ ಸುಕೇಶ್ ಹೆಗ್ಡೆ ಒಂದಿಷ್ಟು, ಹಿಡಿಯುವವರು ಒಂದಿಷ್ಟು ತಂದರು. ಇದೇ ರಮೇಶ್ 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್‌ಗೂ ಕಪ್ ಗೆಲ್ಲಿಸಿದರು. ಅಲ್ಲಿಯೂ ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್, ಪಂಕಜ್ ಮೋಹಿತೆ ಎಂಬ ಎಳೆಯ ರೈಡರ್‌ಗಳ ನಡುವೆ ಭಾರ ಹಂಚಿತ್ತು. ಮೂರನೆಯ ರೈಡ್‌ಗೆ ಯಾರು ಹೋಗುತ್ತಾರೆಂದು ಎದುರಾಳಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಕಾಲೇಜಿನ ಪಂದ್ಯದಲ್ಲಿ ಅದು ಎದುರಾಳಿಗೆ ಹಿಂದಿನ ರಾತ್ರಿಯೇ ಗೊತ್ತಿತ್ತು.

ಹಾಗಂತ ಹೊರಗಿನಿಂದ ಕರೆತರುವುದೇ ಪಾಪ ಎಂದು ನಾನು ಹೇಳುತ್ತಿಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಯೋಜನೆಯಲ್ಲಿ ರಾಜ್ಯದ ಮೂಲೆಮೂಲೆಯ ಮಕ್ಕಳನ್ನು ಕರೆದು ಊಟ, ವಸತಿ, ಶಿಕ್ಷಣವನ್ನು ಉಚಿತವಾಗಿ ಕೊಡುತ್ತಿದೆ. ನಮ್ಮ ಉತ್ತರದ ಜಿಲ್ಲೆಗಳಿಂದಲೂ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಅಲ್ಲಿ ಎಲ್ಲವೂ ಸರಿ ಎಂದು ಪ್ರಮಾಣಪತ್ರ ಬರೆದುಕೊಡುವುದು ನನ್ನ ಕೆಲಸವಲ್ಲ. ಆದರೆ ವರ್ಷವಿಡೀ ಉಣ್ಣಿಸಿ ಓದಿಸುವುದಕ್ಕೂ ಪಂದ್ಯದ ವಾರಕ್ಕೆ ಮಾತ್ರ ಹೆಸರು ಹಚ್ಚಿಕೊಳ್ಳುವುದಕ್ಕೂ ಅಜಗಜಾಂತರ. ಒಂದರಲ್ಲಿ ಋಣ ಎರಡೂ ಕಡೆ ಇದೆ, ಇನ್ನೊಂದರಲ್ಲಿ ಹುಡುಗನ ಮೇಲೆ ಮಾತ್ರ.

ಈ ಋಣದ ಲೆಕ್ಕ ಹಿಡಿಯಲು ನನಗೆ ತೋಚುವ ಪ್ರಶ್ನೆ ಒಂದೇ: ನಾಳೆ ಅವನ ಮೊಣಕಾಲು ಹೋದರೆ, ನಾಡಿದ್ದು ಅವನು ನಿಮ್ಮ ವಿದ್ಯಾರ್ಥಿಯಾಗಿ ಉಳಿಯುತ್ತಾನೆಯೆ? ಉಳಿಯುತ್ತಾನೆ ಎನ್ನುವ ಕಾಲೇಜು ಎಲ್ಲಿಂದ ಬೇಕಾದರೂ ಹುಡುಗರನ್ನು ತರಲಿ. ಇಲ್ಲವೆನ್ನುವ ಕಾಲೇಜು ಅಲ್ಲೇ ಹುಟ್ಟಿದ ಹುಡುಗನನ್ನು ಆಡಿಸಿದರೂ ತಪ್ಪು ಅದರದೇ. ನಮ್ಮ ಪ್ರಕರಣದಲ್ಲಿ ಉತ್ತರ ತಡವಾಗಲಿಲ್ಲ. ಸೋತ ಮೇಲೆ ಎರಡನೆಯ ಸೆಮಿಸ್ಟರ್‌ನ ಫೀ ಯಾರೂ ಕಟ್ಟಲಿಲ್ಲ. ಮೊಣಕಾಲಿನ ಸ್ಕ್ಯಾನ್ ಖರ್ಚು ಹುಡುಗನ ಮನೆಯವರ ಮೇಲೆ ಬಿತ್ತು. ಮುಂದಿನ ವರ್ಷಕ್ಕೆ ಇನ್ನೊಬ್ಬ ರೈಡರ್‌ನ ಹುಡುಕಾಟ ಅದೇ ಹೋಟೆಲಿನಲ್ಲಿ, ಅದೇ ವಾರ ಶುರುವಾಗಿತ್ತು.

ಪಿ.ಡಿ. ಸರ್ ಬಗ್ಗೆ ನನಗೆ ಕನಿಕರವಿದೆ. ಹುಡುಗ ಶನಿವಾರ ರಾತ್ರಿ ಎಲ್ಲಿದ್ದನೆಂದು ಅವರಿಗೆ ಗೊತ್ತಿತ್ತು. ತಡೆದರೆ ಊಟಕ್ಕೆ ತಾವೇ ದಾರಿ ಮಾಡಬೇಕಾಗುತ್ತದೆ ಎಂಬುದೂ ಗೊತ್ತಿತ್ತು. ಕೈಯಲ್ಲಿ ದುಡ್ಡಿಲ್ಲದ ಅಧಿಕಾರ ಅವರದು. ಆದರೂ ಅವರಿಗೆ ಖರ್ಚಿಲ್ಲದೆ ಮಾಡಬಹುದಾದ ಒಂದು ಕೆಲಸವಿತ್ತು. ಎರಡನೆಯ ರೈಡರ್‌ನನ್ನು ಮೊದಲನೆಯವನ ಜೊತೆ ಕೂರಿಸಿ, ‘ಇವನಿಗೆ ನಿನ್ನ ಕೈಚಳಕ ಕಲಿಸು, ಅದೇ ನಿನ್ನ ಫೀ’ ಎನ್ನಬಹುದಿತ್ತು. ಬಂದವನು ಹೋದ ಮೇಲೂ ಆಟ ಊರಿನಲ್ಲಿ ಉಳಿಯುತ್ತಿತ್ತು. ಅದು ಅವರಿಗೆ ಹೊಳೆಯಲಿಲ್ಲ, ಯಾಕೆಂದರೆ ಮೇಲಿನವರು ಕೇಳಿದ್ದು ಆಟವನ್ನಲ್ಲ, ಕಪ್ಪನ್ನು.

ದೊಡ್ಡ ಪಾಲಿನ ತಪ್ಪು ಹಾಗಾಗಿ ಆಡಳಿತ ಮಂಡಳಿಯ ಹಿರಿಯರದು. ಕ್ವಾರ್ಟರ್‌ಫೈನಲ್ ಫೋಟೋದಲ್ಲಿ ಅವರಿದ್ದಾರೆ. ಸೆಮಿಫೈನಲ್ ಮುಗಿದಾಗ ಕುಂಟುತ್ತ ಬಸ್ ಹತ್ತಿದ ಹುಡುಗನ ಚೀಲ ಹಿಡಿದವನು ಯಲಬುರ್ಗಾದ ಎರಡನೆಯ ರೈಡರ್. ಆ ಗಳಿಗೆಯ ಫೋಟೋವನ್ನು ಯಾರೂ ತೆಗೆಯಲಿಲ್ಲ.

ತಳಕಲ್‌ನಲ್ಲಿ ಕೊಪ್ಪಳ ವಿಶ್ವವಿದ್ಯಾಲಯವಾದ ಮೇಲೆ ನಮ್ಮ ಕಾಲೇಜುಗಳ ಪಂದ್ಯಗಳು ನಮ್ಮ ಕಣ್ಣಳತೆಗೆ ಬಂದಿವೆ. ಬಳ್ಳಾರಿಯವರು ನೋಡಿಕೊಳ್ಳುತ್ತಾರೆ, ಕಲಬುರಗಿಯವರು ಕೇಳುತ್ತಾರೆ ಎನ್ನುವ ಕಾಲ ಹೋಯಿತು. ಕುಷ್ಟಗಿ, ಯಲಬುರ್ಗಾ, ಗಂಗಾವತಿ, ಕೊಪ್ಪಳದಲ್ಲಿ ಮಗನ ಆಟ ನೋಡಿ ಯಾರಾದರೂ ಮನೆ ಬಾಗಿಲಿಗೆ ಬಂದು ‘ಫೀ ನಾವು ನೋಡ್ಕೊಂತೀವಿ’ ಎಂದರೆ, ತಂದೆ ತಾಯಿಗಳು ಚಹಾ ಕೊಡಿ, ಗೌರವದಿಂದ ಮಾತಾಡಿಸಿ. ಆಮೇಲೆ ಮೂರು ಸಂಗತಿ ಕೇಳಿ: ಮೂರೂ ವರ್ಷದ ಫೀ ಯಾರದು, ಊಟ ಎಲ್ಲಿ, ಮೊಣಕಾಲು ಹೋದರೆ ದವಾಖಾನೆಯ ಖರ್ಚು ಯಾರದು. ಉತ್ತರ ಬಾಯಿಮಾತಿನಲ್ಲಿ ಬೇಡ, ಕಾಲೇಜಿನ ಲೆಟರ್‌ಹೆಡ್ ಮೇಲೆ ಪ್ರಾಂಶುಪಾಲರ ಸಹಿ ಹಾಕಿಸಿ ತೆಗೆದುಕೊಳ್ಳಿ.